ಡಿಸೆಂಬರ್‌ನ ತಾಪಮಾನ ಮುನ್ಸೂಚನೆ ಬಂದಾಗ ಏನು ನೋಡಬೇಕು?

ಪ್ರತಿ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್ ಮರುವರ್ಷದ ಜಾಗತಿಕ ಸರಾಸರಿ ತಾಪಮಾನ ಎಷ್ಟಿರಬಹುದೆಂದು ಹೇಳುತ್ತದೆ. ಸುದ್ದಿ ನಮ್ಮ ಸಂಪಾದಕೀಯ ಮೇಜಿಗೆ ಬರುವಷ್ಟರಲ್ಲಿ ಯಾರೋ ಒಬ್ಬರು ‘ಮುಂದಿನ ವರ್ಷ ಭೂಮಿ ಕೆಂಡ’ ಎಂಬ ಶೀರ್ಷಿಕೆಯನ್ನು ಸಿದ್ಧಮಾಡಿಟ್ಟಿರುತ್ತಾರೆ. ಶೀರ್ಷಿಕೆ ತಿದ್ದುವುದು ನನ್ನ ಕೆಲಸ. ತಿದ್ದುವ ಮುನ್ನ ಸಮುದ್ರ ನೋಡುತ್ತೇನೆ.

ನೋಡಬೇಕಾದ ಜಾಗದ ಹೆಸರು ನಿನೊ 3.4. ಪೆಸಿಫಿಕ್ ನಡುವೆ, ಸಮಭಾಜಕ ವೃತ್ತದ ಎರಡೂ ಬದಿಗೆ 5 ಡಿಗ್ರಿ, ಪಶ್ಚಿಮ ರೇಖಾಂಶ 120ರಿಂದ 170ರವರೆಗಿನ ಚೌಕ ಅದು. ಅಲ್ಲಿನ ಮೇಲ್ಮೈ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ, ಅಷ್ಟೇ ತಂಪಾದರೆ ಲಾ ನಿನಾ. ಒಂದು ವಾರದ ಅಂಕಿ ನೋಡಿ ಕುಣಿಯಬೇಡಿ.

ಈಗ ಕಾಲದ ಲೆಕ್ಕ. ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೊನೇಷ್ಯಾದ ಕಡೆ ತಳ್ಳಿಟ್ಟಿರುತ್ತವೆ. ಅವು ಸೊರಗಿದಾಗ ನೀರು ಪೂರ್ವಕ್ಕೆ ಸರಿದು ಹರಡಿ, ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಮುದ್ರದ ಕಾವು ಸಾಮಾನ್ಯವಾಗಿ ನವೆಂಬರ್–ಜನವರಿಯಲ್ಲಿ ತುದಿ ಮುಟ್ಟುತ್ತದೆ. ಭೂಮಿಯ ಸರಾಸರಿ ಏರುವುದು ಕೆಲವು ತಿಂಗಳ ನಂತರ. ಆದ್ದರಿಂದಲೇ 1997ರ ಎಲ್ ನಿನೊ 1998ನ್ನೂ, 2015ರದು 2016ನ್ನೂ, 2023ರದು 2024ನ್ನೂ ದಾಖಲೆಯ ವರ್ಷವಾಗಿಸಿತು. ಡಿಸೆಂಬರ್‌ನಲ್ಲಿ ಆ ಚೌಕ ಹೇಗಿದೆ ಎಂದು ತಿಳಿದರೆ ಮುನ್ಸೂಚನೆಯ ಅರ್ಧ ಗುಟ್ಟು ಕೈಗೆ ಸಿಕ್ಕಂತೆ.

ಉಳಿದರ್ಧ, ಮನುಷ್ಯರೇ ಏರಿಸುತ್ತಿರುವ ಕಾವು: ದಶಕಕ್ಕೆ ಸುಮಾರು 0.2 ಡಿಗ್ರಿ. ಎಲ್ ನಿನೊ, ಲಾ ನಿನಾಗಳು ಅದರ ಮೇಲೆ ಡಿಗ್ರಿಯ ಹತ್ತರಲ್ಲಿ ಒಂದೆರಡು ಪಾಲು ಕೂಡಿಸುತ್ತವೆ ಅಥವಾ ಕಳೆಯುತ್ತವೆ, ಅಷ್ಟೇ. ಈಗಿನ ಲಾ ನಿನಾ ವರ್ಷವೂ 1998ಕ್ಕಿಂತ ಬಿಸಿ ಎಂಬುದನ್ನು ಸುದ್ದಿಯಲ್ಲಿ ಒಂದು ಸಾಲಾದರೂ ಬರೆಯಿರಿ.

ಶೀರ್ಷಿಕೆಗೆ ಒಂದೇ ಅಂಕಿ ಏರಿಸುವುದು ನನಗೆ ಒಗ್ಗದ ಚಾಳಿ. 2024ಕ್ಕೆ ಮೆಟ್ ಆಫೀಸ್ ಹೇಳಿದ್ದು 1850–1900ರ ಸರಾಸರಿಗಿಂತ 1.34ರಿಂದ 1.58 ಡಿಗ್ರಿ ಹೆಚ್ಚು, ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಆದದ್ದು 1.55. ಸರಿ ಹೋಯಿತು. 2023ಕ್ಕೆ, ಸತತ ಮೂರು ಚಳಿಗಾಲದ ಲಾ ನಿನಾ ಇನ್ನೂ ಮುಗಿಯದಿದ್ದಾಗ, 1.08ರಿಂದ 1.32 ಎಂದಿತ್ತು, ಆದದ್ದು 1.45. ವರ್ಷದ ನಡುವೆ ಎಲ್ ನಿನೊ ಎದ್ದಿತು, ಉತ್ತರ ಅಟ್ಲಾಂಟಿಕ್ ಕೂಡ ದಾಖಲೆ ಮಟ್ಟಕ್ಕೆ ಕಾದಿತ್ತು. ವ್ಯಾಪ್ತಿಯನ್ನೇ ಅಚ್ಚುಹಾಕಿ.

ಯಾವುದಕ್ಕೆ ಹೋಲಿಸಿದ ಅಂಕಿ ಎಂಬುದನ್ನೂ ಕೇಳಿ. ಯುರೋಪಿನ ಹವಾಮಾನ ಸೇವೆ ಕೋಪರ್ನಿಕಸ್ ಲೆಕ್ಕದಲ್ಲಿ 2024ರ ಏರಿಕೆ 1850–1900ರ ಸರಾಸರಿಗೆ ಹೋಲಿಸಿದರೆ 1.60, 1991–2020ರದಕ್ಕೆ ಹೋಲಿಸಿದರೆ 0.72. ಎರಡೂ ನಿಜ, ಒಂದೇ ಸುದ್ದಿಯಲ್ಲಿ ಬೆರೆಸಿದರೆ ಮಾತ್ರ ಸುಳ್ಳು.

ಮಾರ್ಚ್–ಏಪ್ರಿಲ್‌ನಲ್ಲಿ ಬರುವ ‘ಈ ಬಾರಿ ಎಲ್ ನಿನೊ ಖಚಿತ’ ಎಂಬ ಸುದ್ದಿಯನ್ನು ಒಳಪುಟಕ್ಕೆ ಹಾಕಿ. ಆ ತಿಂಗಳುಗಳಲ್ಲಿ ಪೆಸಿಫಿಕ್‌ನ ಮುಂದಿನ ನಡೆ ಹೇಳುವುದು ಕಂಪ್ಯೂಟರ್ ಮಾದರಿಗಳಿಗೂ ಅತಿ ಕಷ್ಟ.

ಕೊನೆಗೆ, ಓದುಗರು ಫೋನ್ ಮಾಡಿ ಕೇಳುವುದು ಮಳೆಯ ಬಗ್ಗೆ. ಜಾಗತಿಕ ಸರಾಸರಿಯಿಂದ ಅದಕ್ಕೆ ಉತ್ತರ ಹೊರಡಿಸಲು ಹೋಗಬೇಡಿ. 2023ರಲ್ಲಿ ಎಲ್ ನಿನೊ ಜೊತೆಗೆ ಭಾರತ 1901ರ ನಂತರದ ಅತಿ ಒಣ ಆಗಸ್ಟ್ ಕಂಡಿತು, ಕರ್ನಾಟಕದ ಬಹುತೇಕ ತಾಲ್ಲೂಕುಗಳು ಬರಪೀಡಿತವಾದವು. ಅದಕ್ಕಿಂತ ಬಲವಾದ 1997ರ ಎಲ್ ನಿನೊದಲ್ಲಿ ದೇಶದ ಮುಂಗಾರು ವಾಡಿಕೆಯಷ್ಟೇ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಿದ್ದು ಕೈಹಿಡಿದಿತ್ತು. ಫೋನ್ ಮಾಡಿದವರಿಗೆ ಭಾರತೀಯ ಹವಾಮಾನ ಇಲಾಖೆಯ ಏಪ್ರಿಲ್ ಮುನ್ಸೂಚನೆ ಹೇಳಿ, ಮೇ ಕೊನೆಯ ಪರಿಷ್ಕರಣೆಗೂ ಕಾಯಲು ತಿಳಿಸಿ.