ಶಿಲುಬೆ ಹಿಂದೆ ಸಿಕ್ಕಿಸಿದ ಹಳೇ ಗರಿ

ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಚರ್ಚಿನಿಂದ ತಂದ ತೆಂಗಿನ ಗರಿ ಇನ್ನೂ ಮನೆಯ ಶಿಲುಬೆ ಹಿಂದೆಯೇ ಇದೆ, ಅಲ್ವಾ? ನಮ್ಮನೆಯದು ಒಣಗಿ, ಮುಟ್ಟಿದರೆ ಪುಡಿ ಉದುರುತ್ತಿದೆ. ಹಾಗಂತ ಕಸಕ್ಕೆ ಹಾಕಬೇಡಿ, ಫಾದರ್ ಆಶೀರ್ವಾದ ಮಾಡಿದ ಗರಿ ಅದು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಒಂದೆರಡು ವಾರ ಮೊದಲೇ ಚರ್ಚಿಗೆ ಕೊಡಿ. ಹಣೆಗೆ ಹಚ್ಚುವ ಬೂದಿ ಮಾಡುವುದು ಇಂಥ ಹಳೇ ಗರಿಗಳನ್ನು ಸುಟ್ಟೇ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೇ ಬರುತ್ತದೆ, ಬೇಗ. ದಾರ, ಪ್ಲಾಸ್ಟಿಕ್ ಹೂವು ಕಟ್ಟಿದ್ದರೆ ಬಿಚ್ಚಿ ಕೊಡಿ. ಪ್ಲಾಸ್ಟಿಕ್ ಕರಗಿ ಬೂದಿಗೆ ಅಂಟಿಕೊಳ್ಳುತ್ತದೆ. (ಮಕ್ಕಳು ಹೆಣೆದ ಪುಟ್ಟ ಗರಿ ಶಿಲುಬೆ ಕೊಡಲು ಮನಸ್ಸೇ ಬರುವುದಿಲ್ಲ, ಅದು ಬೇರೆ ಮಾತು.) ಕೊಡಲು ಮರೆತರೆ ಮನೆಯಲ್ಲೇ ಸುಟ್ಟು, ಬೂದಿಯನ್ನು ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಕಿತ್ತುಹೋದ ಜಪಸರವನ್ನೂ ಹೀಗೇ ಹೂಳಬಹುದು.