ಕಾಸರಗೋಡಿಗೆ ಹೊಸದಾಗಿ ಬಂದವರಿಗೆ: ಕಾರಿನಲ್ಲಿ ಮಗುವನ್ನು ಎಲ್ಲಿ, ಹೇಗೆ ಕೂರಿಸಬೇಕು

ಇಲ್ಲಿನ ನಮ್ಮ ಸಂಘಕ್ಕೆ ಬರುವ ಹೊಸ ಮನೆಯವರು ಬಾಡಿಗೆ ಮನೆ ಕೇಳುತ್ತಾರೆ, ಕನ್ನಡ ಮಾಧ್ಯಮದ ಶಾಲೆ ಎಲ್ಲಿದೆ ಅಂತ ಕೇಳುತ್ತಾರೆ. ಮಗುವನ್ನು ಕಾರಿನಲ್ಲಿ ಹೇಗೆ ಕೂರಿಸಬೇಕು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನೀವು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಗೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ಬ್ಯಾಂಕಿಗೋ ಬಂದಿರಬಹುದು. ಯಾರೇ ಆಗಲಿ, ಆಸ್ಪತ್ರೆಗೆ, ಬಟ್ಟೆಗೆ ಅಂತ ಮಂಗಳೂರಿಗೆ ಹೋಗಿಯೇ ಹೋಗುತ್ತೀರಿ. ಹೆದ್ದಾರಿ 66 ಅಗಲವಾದ ಮೇಲೆ ಆ ದಾರಿಯಲ್ಲಿ ವೇಗವೂ ಜಾಸ್ತಿಯಾಗಿದೆ.

ಒಮ್ಮೆ ಕುಂಬಳೆ ಹತ್ತಿರ ತಪಾಸಣೆಯಲ್ಲಿ ನನ್ನ ಕಾರನ್ನೇ ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ, ಅವಳ ಮಡಿಲಲ್ಲಿ ಎರಡು ವರ್ಷದ ಪುಳ್ಳಿ, ಅಂದರೆ ಮೊಮ್ಮಗಳು. ಅಧಿಕಾರಿ ದಂಡ ಬರೆಯಲಿಲ್ಲ. ಬಗ್ಗಿ ಮಗುವಿನ ಕೆನ್ನೆ ಮುಟ್ಟಿ, "ಕುಟ್ಟಿಯೆ ಪಿನ್ನಿಲ್ ಇರುತ್ತಣಂ, ಮಾಷೇ" ಅಂದರು. ಮಗುವನ್ನು ಹಿಂದೆ ಕೂರಿಸಬೇಕು ಮೇಷ್ಟ್ರೇ ಅಂತ. ಅಜ್ಜಿಯ ಎರಡು ಕೈಗಿಂತ ಭದ್ರ ಯಾವುದಿದೆ ಅಂತಲೇ ನಾನೂ ನಂಬಿದ್ದೆ. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದುವುದು, ಸುಮಾರು 10 ಮೀಟರ್ ಎತ್ತರದ ತೆಂಗಿನ ಮರದಿಂದ ಬಿದ್ದ ಹಾಗೆ. ಅರ್ಧ ಮೀಟರಿನೊಳಗೆ ಕಾರು ನಿಂತರೆ, 10 ಕಿಲೋದ ಮಗು ಆ ಕ್ಷಣಕ್ಕೆ 200 ಕಿಲೋದ ಮೂಟೆಯಂತೆ ಮುಂದಕ್ಕೆ ಎಳೆಯುತ್ತದೆ. ಯಾವ ಅಜ್ಜಿ, ಯಾವ ಅಪ್ಪ ಹಿಡಿದಾರು? ಮಡಿಲಲ್ಲಿ ಕೂರಿಸಿಕೊಂಡು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವುದಂತೂ ಇನ್ನೂ ಕೆಟ್ಟದ್ದು. ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಈಗ ಕಾನೂನಿನ ವಿಷಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 194ಬಿ ಕಲಮು ಸೇರಿತು. 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ ಎನ್ನುತ್ತದೆ ಅದು. ಕೇಂದ್ರದ ಕಾಯ್ದೆ, ಹಾಗಾಗಿ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಒಂದೇ. ಗೊಂದಲ ಶುರುವಾದದ್ದು 2024ರ ಅಕ್ಟೋಬರಿನಲ್ಲಿ. 1ರಿಂದ 4 ವರ್ಷದವರಿಗೆ ಮಕ್ಕಳ ಸೀಟ್, 4ರಿಂದ 14ರೊಳಗಿದ್ದು 135 ಸೆಂ.ಮೀ.ಗಿಂತ ಕುಳ್ಳಗಿರುವವರಿಗೆ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಬೇಕು ಎಂದು ಕೇರಳದ ಸಾರಿಗೆ ಆಯುಕ್ತರು ಹೇಳಿದರು. ಮೊದಲು ಪ್ರಚಾರ, ನವೆಂಬರಿನಲ್ಲಿ ಎಚ್ಚರಿಕೆ, ಡಿಸೆಂಬರಿನಿಂದ ದಂಡ ಅಂತ ಇತ್ತು. ಆಮೇಲೆ ಆಗ ಸಾರಿಗೆ ಸಚಿವರಾಗಿದ್ದ ಕೆ.ಬಿ. ಗಣೇಶ್ ಕುಮಾರ್ ದಂಡ ಹಾಕುವುದಿಲ್ಲ, ತಿಳುವಳಿಕೆ ಕೊಡುವುದಷ್ಟೇ ಎಂದರು. "ಹಾಗಾದರೆ ಸೀಟು ಬೇಡ ಅಲ್ವಾ" ಅಂತ ತುಂಬಾ ಜನ ಸುಮ್ನಾದರು. ಸಚಿವರು ಬೇಡವೆಂದದ್ದು ದಂಡವನ್ನು. ಕಾಯ್ದೆಯ ಕಲಮು ಇದ್ದಲ್ಲೇ ಇದೆ, ತೆಂಗಿನ ಮರದ ಲೆಕ್ಕವೂ ಇದ್ದಲ್ಲೇ ಇದೆ.

ಕೇರಳದ ರಸ್ತೆಗಳಲ್ಲಿ ತಪ್ಪನ್ನು ತಾವೇ ಗುರುತಿಸುವ ಎಐ ಕ್ಯಾಮೆರಾಗಳು 2023ರ ಜೂನ್ 5ರಿಂದ ದಂಡ ಹಾಕುತ್ತಿವೆ. ಮುಂದೆ ಕೂತವರು ಬೆಲ್ಟ್ ಹಾಕದಿದ್ದರೆ ಫೋಟೋ ಬೀಳುತ್ತದೆ. ನಿಮ್ಮದು ಕೆಎ ನಂಬರಿನ ಗಾಡಿಯಾದರೂ ಅಷ್ಟೇ. ಆರ್‌ಸಿಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಮೊದಲು ಬದಲಾಯಿಸಿ, ಇಲ್ಲದಿದ್ದರೆ ಚಲನ್ ಬಂದದ್ದೇ ಗೊತ್ತಾಗುವುದಿಲ್ಲ. ಮಲಯಾಳದಲ್ಲಿ ದಂಡಕ್ಕೆ 'ಪಿಳ' ಅನ್ನುತ್ತಾರೆ. ಆ ಪದ ಕಂಡರೆ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ಮೋಸದ ಲಿಂಕುಗಳು ಬಹಳ ಇವೆ.

ಸೀಟು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಲೇಬಲ್ ನೋಡಿ. ಎಐಎಸ್-072, ಆರ್44 ಅಥವಾ ಆರ್129 ಅಂತ ಬರೆದಿರಬೇಕು, ಇವು ಸುರಕ್ಷತೆಯ ಮಾನದಂಡಗಳ ಹೆಸರು. ಹಸುಗೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಆ ವಯಸ್ಸಿನಲ್ಲಿ ತಲೆ ಭಾರ, ಕುತ್ತಿಗೆ ಎಳೆಯದು. ಗುದ್ದಿದಾಗ ಸೀಟಿನ ಬೆನ್ನೇ ತಲೆಯನ್ನು ಹಿಡಿದುಕೊಳ್ಳುತ್ತದೆ. ಕನಿಷ್ಠ 15 ತಿಂಗಳವರೆಗೆ ಹಾಗೇ ಇರಲಿ, ಸೀಟು ಹಿಡಿಸುವಷ್ಟು ಕಾಲ ಇದ್ದರೆ ಇನ್ನೂ ಒಳ್ಳೆಯದು. ಇಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನ ಮೇಲೆ ಇಡಲೇಬೇಡಿ. ಏರ್‌ಬ್ಯಾಗ್ ಸಿಡಿದರೆ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ. ದೊಡ್ಡ ಮಕ್ಕಳ ಬೂಸ್ಟರ್ ಬರೀ ಎತ್ತರಕ್ಕಲ್ಲ. ಅದಿಲ್ಲದಿದ್ದರೆ ಬೆಲ್ಟು ಕುತ್ತಿಗೆಗೆ ಮತ್ತು ಹೊಟ್ಟೆಗೆ ಬರುತ್ತದೆ, ಇದ್ದರೆ ಹೆಗಲಿಗೆ ಮತ್ತು ಸೊಂಟದ ಮೂಳೆಗೆ.

ಕಾರಿನಲ್ಲಿ ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದ್ದರೆ ಕೆಲಸ ಸುಲಭ. ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ, ಬೆರಳಿಗೆ ಕಬ್ಬಿಣದ ಬಳೆಯಂಥದ್ದು ತಾಗುತ್ತದೆ. ಸೀಟು ಕೂರಿಸಿದ ಮೇಲೆ ಬುಡದಲ್ಲಿ ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಜಾಸ್ತಿ ಸರಿದರೆ ಮತ್ತೆ ಬಿಗಿಯಿರಿ. ಆಮೇಲೆ ಮಗುವಿನ ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲ. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಹಾಕಬೇಡಿ. ಇಲ್ಲಿನ ಸೆಖೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬಕಲ್ ಕಾದು ಮಗುವಿನ ತೊಡೆ ಸುಡುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿ ಬೈರಾಸು (ಟವೆಲ್) ಹೊದಿಸಿ ಹೋಗಿ. ಅಪಘಾತ ಕಂಡ ಹಳೆ ಸೀಟು ನೋಡಲು ಚೆನ್ನಾಗಿದ್ದರೂ ಬೇಡ.

ಮೊದಲ ವಾರ ಮಗು ಅಳುತ್ತದೆ. ನಮ್ಮ ಪುಳ್ಳಿ ಉಪ್ಪಳದಿಂದ ಮಂಜೇಶ್ವರದವರೆಗೂ ಅತ್ತಳು. ಹೆಂಡತಿ ಪಕ್ಕದಲ್ಲಿ ಕೂತು ಕಥೆ ಹೇಳಿದಳು, ಆದರೆ ಪಟ್ಟಿ ಬಿಚ್ಚಲಿಲ್ಲ. ಈಗ ಪುಳ್ಳಿಯೇ ಮೊದಲು ಹತ್ತಿ ಕೈ ಎತ್ತಿ ಕೂರುತ್ತಾಳೆ. "ಅಷ್ಟು ದೂರ ಏನಿದೆ, ಮಡಿಲಲ್ಲಿ ಕೂರಿಸು" ಅಂತ ಊರಿನ ಹಿರಿಯರು ಹೇಳಿದರೆ ವಾದ ಮಾಡಬೇಡಿ. ಅವರನ್ನೇ ಮಗುವಿನ ಪಕ್ಕ ಕೂರಿಸಿ.

ಬೈಕಿನಲ್ಲಿ ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರಿಗೆ ಹೆಲ್ಮೆಟ್ ಜೊತೆ ಓಡಿಸುವವರಿಗೆ ಕಟ್ಟುವ ಪಟ್ಟಿ ಬೇಕು, ವೇಗ 40 ಕಿ.ಮೀ. ದಾಟಬಾರದು.

ಮಕ್ಕಳು ಬೆಳೆದ ಮನೆಯ ಒಳ್ಳೆಯ ಸೀಟುಗಳನ್ನು ಸಂಘದವರು ಹೊಸ ಮನೆಗೆ ದಾಟಿಸುತ್ತೇವೆ. ಭಾನುವಾರ ಬರುವಾಗ ಕಾರನ್ನೂ ಮಗುವನ್ನೂ ಕರೆತನ್ನಿ. ಸೀಟು ಕಟ್ಟುವುದನ್ನು ಅಲ್ಲೇ ತೋರಿಸುತ್ತೇವೆ, ಎರಡನೇ ಸಲ ನೀವೇ ಕಟ್ಟಿ ನೋಡಬಹುದು.