ಡಿಸ್ಚಾರ್ಜ್ ಬುಕ್‌ನಲ್ಲಿ ಬಿಟ್ಟುಹೋದ ಮೆಡಲ್ ಸೇರಿಸುವುದು ಹೇಗೆ

ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಟ್ರಂಕಿನಿಂದ ಅವರ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯ ಬಿಡುವಾಗ ಕೊಟ್ಟ ಸೇವಾ ದಾಖಲೆಯ ಪುಸ್ತಕ ತೆಗೆಯಿರಿ. ಮೆಡಲ್‌ಗಳನ್ನು ಬರೆದಿರುವ ಜಾಗ ಹುಡುಕಿ. ಪಕ್ಕದಲ್ಲಿ ಅವರು ಯೂನಿಫಾರ್ಮ್ ಹಾಕಿಕೊಂಡು ತೆಗೆಸಿದ ಹಳೇ ಫೋಟೊ ಇಟ್ಟು ಎದೆಯ ಮೇಲಿನ ರಿಬ್ಬನ್ ಎಣಿಸಿ, ಒಂದೊಂದು ಮೆಡಲ್‌ಗೆ ಒಂದೊಂದು ರಿಬ್ಬನ್ ಇರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಇದನ್ನು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ತಾಳೆಯಾಗಲಿಲ್ಲ. ಅಪ್ಪನ 1976ರ ಸ್ಟುಡಿಯೊ ಫೋಟೊದಲ್ಲಿ ನಾಲ್ಕು ರಿಬ್ಬನ್ ಇದ್ದವು, ಬುಕ್‌ನಲ್ಲಿ ಮೂರೇ ಮೆಡಲ್. 1971ರ ಯುದ್ಧದ ಸಂಗ್ರಾಮ್ ಮೆಡಲ್ ಇತ್ತು, ಅದೇ ಯುದ್ಧದಲ್ಲಿ ಪಶ್ಚಿಮದ ಕಡೆ ಇದ್ದವರಿಗೆ ಸಿಗುವ ಪಶ್ಚಿಮಿ ಸ್ಟಾರ್ ಇರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಪಶ್ಚಿಮದ ಗಡಿಯಲ್ಲಿ ಇದ್ದವರು ಅಪ್ಪ. ಕೇಳಿದರೆ, "ಆಗ ಜೀವ ಉಳಿದಿದ್ದೇ ದೊಡ್ಡದು ಕಣೋ, ಮೆಡಲ್ ಯಾರು ಕೇಳ್ತಾರೆ" ಅಂದರು. ಆದರೆ ಮೊಮ್ಮಗಳು ಫೋಟೊ ನೋಡಿ "ತಾತ, ಈ ರಿಬ್ಬನ್ನಿನ ಮೆಡಲ್ ಎಲ್ಲಿ?" ಅಂದಾಗ ಸುಮ್ಮನೆ ಎದ್ದು ಹೊರಗೆ ಹೋದರು. ಅವತ್ತೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು, ಮೆಡಲ್ ಯಾಕೆ ತಪ್ಪಿಹೋಗುತ್ತದೆ ಅನ್ನುವುದು. ಸೈನ್ಯದಲ್ಲಿ ಒಬ್ಬ ಸೈನಿಕನಿಗೆ ಸಂಬಂಧಪಟ್ಟ ಮದುವೆ, ಮಗು, ಪ್ರಮೋಷನ್, ಪೋಸ್ಟಿಂಗ್, ಎಲ್ಲವೂ ಪಾರ್ಟ್ ಟೂ ಆರ್ಡರ್ ಅನ್ನುವ ಕಾಗದದಲ್ಲಿ ಪ್ರಕಟವಾಗಬೇಕು. ಮೆಡಲ್ ಕೂಡ ಹಾಗೇ. ಯೂನಿಟ್ ಪಾರ್ಟ್ ಟೂ ಆರ್ಡರ್ ಹೊರಡಿಸುತ್ತದೆ, ಅದನ್ನು ನೋಡಿ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನವರು ಶೀಟ್ ರೋಲ್‌ನಲ್ಲಿ, ಅಂದರೆ ಆ ಸೈನಿಕನ ಸೇವಾ ವಿವರದ ಹಾಳೆಯಲ್ಲಿ ಏರಿಸುತ್ತಾರೆ, ಡಿಸ್ಚಾರ್ಜ್ ಬುಕ್ ಬರೆಯುವಾಗ ಅಲ್ಲಿಂದ ಇಳಿಸುತ್ತಾರೆ. ಪಾರ್ಟ್ ಟೂ ಆರ್ಡರ್ ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪಿದ ಹಾಗೆ. ಜಾಸ್ತಿ ತಪ್ಪುವುದು ಪೋಸ್ಟಿಂಗ್ ಹೊತ್ತಿನಲ್ಲಿ. ಯುದ್ಧ ಮುಗಿಯುತ್ತಿದ್ದ ಹಾಗೆ ಅಪ್ಪ ಬೇರೆ ಯೂನಿಟ್‌ಗೆ ಹೋದರು. ಹಳೇ ಯೂನಿಟ್‌ನವರು ಇರುವವರ ಹೆಸರು ಮಾತ್ರ ಕಳಿಸಿದರು, ಹೊಸ ಯೂನಿಟ್‌ನವರು ಅದು ಹಳೇ ಯೂನಿಟ್‌ನಲ್ಲೇ ಆಗಿದೆ ಅಂದುಕೊಂಡರು. ಅಷ್ಟೇ.

ಅದಕ್ಕೇ, ನಿಮ್ಮದು ಯಾವ ಥರದ ಕೇಸು ಅಂತ ಅರ್ಜಿ ಬರೆಯುವ ಮುಂಚೆ ತಿಳಿದುಕೊಳ್ಳಿ. ಬುಕ್‌ನಲ್ಲಿ ಮೆಡಲ್ ಹೆಸರು ಇದೆ, ಆದರೆ ಮೆಡಲ್ ಕೈಗೆ ಸಿಕ್ಕೇ ಇಲ್ಲ ಅಂದರೆ ಅದು ಸುಲಭದ್ದು, ಮೆಡಲ್ ಕೊಡಿ ಅಂತ ಕೇಳಿದರೆ ಸಾಕು. ಮೆಡಲ್ ಸಿಕ್ಕಿತ್ತು, ಮನೆ ಬದಲಾಯಿಸುವಾಗ ಕಳೆದುಹೋಯಿತು ಅಂದರೆ ಅದು ಬದಲಿ ಮೆಡಲ್ ಕೇಳುವ ಅರ್ಜಿ, ಬೇರೆಯೇ ದಾರಿ. ಬುಕ್‌ನಲ್ಲೇ ಹೆಸರಿಲ್ಲ ಅಂದರೆ ಮೊದಲು ದಾಖಲೆ ತಿದ್ದಬೇಕು, ಮೆಡಲ್ ಆಮೇಲೆ. ಇವನ್ನೆಲ್ಲ ಒಂದೇ ಕಾಗದದಲ್ಲಿ ಕಲಸಿ ಬರೆದರೆ ಅದು ಯಾರ ಟೇಬಲ್ಲಿಗೆ ಹೋಗಬೇಕೋ ಗೊತ್ತಾಗದೆ ಅಲೆಯುತ್ತದೆ. ನನ್ನ ಮೊದಲ ಕಾಗದಕ್ಕೆ ಆಗಿದ್ದೇ ಅದು, ಎಂಟು ತಿಂಗಳು ಉತ್ತರವೇ ಬರಲಿಲ್ಲ.

ಯಾವ ಮೆಡಲ್ ಬರಬೇಕಿತ್ತು ಅಂತ ಗೊತ್ತಿಲ್ಲದಿದ್ದರೆ ಒಂದು ಸುಳಿವು ಕೊಡುತ್ತೇನೆ. ದೊಡ್ಡ ಕಾರ್ಯಾಚರಣೆಗಳಿಗೆ ಸಾಮಾನ್ಯವಾಗಿ ಜೋಡಿ ಇರುತ್ತದೆ. ಕಾಳಗದ ಜಾಗದಲ್ಲೇ ಇದ್ದವರಿಗೆ ಸ್ಟಾರ್, ಆ ಹೊತ್ತಿನಲ್ಲಿ ಸೇವೆಯಲ್ಲಿದ್ದ ಉಳಿದವರಿಗೂ ಸಿಗುವಂಥದ್ದು ಮೆಡಲ್. 1965ಕ್ಕೆ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. 1999ರ ಕಾರ್ಗಿಲ್‌ಗೆ ಆಪ್ ವಿಜಯ್ ಸ್ಟಾರ್ ಮತ್ತು ಆಪ್ ವಿಜಯ್ ಮೆಡಲ್. ಹೀಗಾಗಿ ಮುಂಚೂಣಿಯಲ್ಲಿದ್ದವರ ಬುಕ್‌ನಲ್ಲಿ ಮೆಡಲ್ ಮಾತ್ರ ಇದ್ದು ಸ್ಟಾರ್ ಇಲ್ಲದಿದ್ದರೆ ಅನುಮಾನ ಪಡಿ. ಸೈನ್ಯ ಸೇವಾ ಮೆಡಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಮೆಡಲ್ ಒಂದೇ, ಆದರೆ ಯಾವ ಪ್ರದೇಶದಲ್ಲಿ ಸೇವೆ ಮಾಡಿದರು ಅನ್ನುವುದಕ್ಕೆ ಬೇರೆ ಬೇರೆ ಕ್ಲಾಸ್ಪ್, ಅಂದರೆ ರಿಬ್ಬನ್ ಮೇಲೆ ಕೂರುವ ಸಣ್ಣ ಪಟ್ಟಿ. ಮೆಡಲ್ ಬರೆದು ಕ್ಲಾಸ್ಪ್ ಬಿಟ್ಟಿರುವ ಬುಕ್‌ಗಳೂ ಇವೆ. 9 ವರ್ಷದ, 20 ವರ್ಷದ ಲಾಂಗ್ ಸರ್ವೀಸ್ ಮೆಡಲ್, 1972ರಲ್ಲಿ ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 1997ರಲ್ಲಿ ಇದ್ದವರಿಗೆ 50ನೇ ವರ್ಷದ್ದು, ಇವನ್ನು ಸೇರಿದ ದಿನ, ಬಿಟ್ಟ ದಿನ ನೋಡಿಯೇ ಲೆಕ್ಕ ಹಾಕಬಹುದು.

ಇನ್ನು ಸಾಕ್ಷಿ. ಇಲ್ಲಿ ಸಮಯ ಕೊಡಿ, ಅವಸರ ಮಾಡಬೇಡಿ. "ನಮ್ಮ ತಂದೆ ಯುದ್ಧ ಮಾಡಿದ್ದರು" ಅಂದರೆ ಯಾರೂ ಕೇಳುವುದಿಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಇಂಥ ಯೂನಿಟ್‌ನಲ್ಲಿ, ಇಂಥ ಕಡೆ ಇದ್ದರು ಅಂತ ತೋರಿಸಬೇಕು. ಹಳೇ ಮೂವ್‌ಮೆಂಟ್ ಆರ್ಡರ್, ರಜೆ ಸರ್ಟಿಫಿಕೇಟ್, ಮಿಲಿಟರಿ ಆಸ್ಪತ್ರೆಯ ಚೀಟಿ, ಏನಾದರೂ ಎಸೆಯದೆ ಉಳಿದಿದೆಯಾ ನೋಡಿ. ನಮಗೆ ಸಹಾಯವಾದದ್ದು ಅಜ್ಜಿಯ ಸೀರೆಗಳ ಕೆಳಗೆ ಸಿಕ್ಕ ಒಂದು ಇನ್‌ಲ್ಯಾಂಡ್ ಲೆಟರ್. ಮಡಿಕೆಯಲ್ಲಿ ಹರಿದಿತ್ತು. ಒಳಗೆ "ನಾನು ಚೆನ್ನಾಗಿದ್ದೇನೆ, ಎಮ್ಮೆ ಕರು ಹಾಕಿತಾ" ಅಂತ ಎರಡು ಸಾಲು, ತಾರೀಖು 1971ರ ಡಿಸೆಂಬರ್. ಕಳಿಸಿದವರ ವಿಳಾಸದ ಜಾಗದಲ್ಲಿ ಅಪ್ಪನ ಆರ್ಮಿ ನಂಬರ್, ಯೂನಿಟ್ ಹೆಸರು, ಕೊನೆಗೆ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್). ಆರ್ಮಿ ಅಂಚೆಯಲ್ಲಿ 56 ಎಪಿಒ ಅಂದರೆ ಪಶ್ಚಿಮದ ಕಡೆ, 99 ಎಪಿಒ ಅಂದರೆ ಪೂರ್ವದ ಕಡೆ. ಅದೊಂದರಿಂದಲೇ ಜಾಗ ಯಾವುದು ಅಂತ ಸಾಬೀತಾಗುವುದಿಲ್ಲ, ಆದರೆ ಆ ತಿಂಗಳು ಅಪ್ಪ ಯಾವ ಯೂನಿಟ್‌ನಲ್ಲಿದ್ದರು ಅನ್ನುವುದಕ್ಕೆ ಅವರದೇ ಕೈಬರಹ ಸಿಕ್ಕಿತಲ್ಲ!

ಇದಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಜೊತೆಗಾರರ ಬುಕ್. ಅದೇ ಯೂನಿಟ್, ಅದೇ ಕಂಪನಿ, ಅದೇ ತಿಂಗಳು ಇದ್ದ ಒಬ್ಬರಿಗೆ ಆ ಮೆಡಲ್ ಸಿಕ್ಕಿದ್ದರೆ, ಅವರ ಒಪ್ಪಿಗೆ ಪಡೆದು ಆ ಪುಟದ ಜೆರಾಕ್ಸ್ ತೆಗೆದುಕೊಳ್ಳಿ, ಜೊತೆಗೆ "ಇವರು ನನ್ನ ಜೊತೆ ಅಲ್ಲಿದ್ದರು" ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಹುಡುಕುವುದು ಕಷ್ಟ ಅಂದುಕೊಳ್ಳಬೇಡಿ. ತಾಲ್ಲೂಕಿನ ಮಾಜಿ ಸೈನಿಕರ ಸಂಘದಲ್ಲಿ ಕೇಳಿ, ಮಿಲಿಟರಿ ಕ್ಯಾಂಟೀನ್ ಸಾಲಿನಲ್ಲಿ ನಿಂತಾಗ ಕೇಳಿ, ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕ್ಲಿನಿಕ್‌ನ ಬೆಂಚಿನ ಮೇಲೆ ಕೂತವರನ್ನು ಕೇಳಿ. ಅಪ್ಪನ ಸೆಕ್ಷನ್‌ನಲ್ಲಿದ್ದ ಒಬ್ಬರು ನಮಗೆ ಸಿಕ್ಕಿದ್ದು ಹಾಗೇ. ಅಪ್ಪನಿಗೂ ಅವರಿಗೂ ಎಂಬತ್ತರ ಹತ್ತಿರ ವಯಸ್ಸು. ಅರ್ಧ ಗಂಟೆ ಕೈ ಹಿಡಿದುಕೊಂಡೇ ಕೂತಿದ್ದರು. ಇಂಥವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ, ಅದಕ್ಕೇ ಅಫಿಡವಿಟ್ ಕೆಲಸ ಮೊದಲು ಮುಗಿಸಿ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಹೆಸರುಗಳನ್ನು ಭರ್ತಿ ಮಾಡಿಕೊಳ್ಳುವಾಗ ಕ್ಲರ್ಕ್‌ಗಳು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ. ಬಸವರಾಜ ಅನ್ನುವುದು ಬಸ್ವ ರಾಜ್ ಆಗಿರುತ್ತದೆ, ಇನಿಷಿಯಲ್ ಹೋಗಿ ಊರಿನ ಹೆಸರು ಸೇರಿರುತ್ತದೆ. ಅರ್ಜಿಯಲ್ಲಿ ಆಧಾರ್‌ನಲ್ಲಿರುವ ಹೆಸರು ಬರೆದು ಕಳಿಸಿದರೆ "ಇಂಥವರು ನಮ್ಮಲ್ಲಿಲ್ಲ" ಅಂತ ಉತ್ತರ ಬರಬಹುದು. ಬುಕ್‌ನಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ಬರೆಯಿರಿ. ಎಲ್ಲಕ್ಕಿಂತ ಮುಖ್ಯ ಆರ್ಮಿ ನಂಬರ್, ಕೊನೆಯ ಇಂಗ್ಲಿಷ್ ಅಕ್ಷರ ಸಮೇತ.

ಕಾಗದ ಹೋಗಬೇಕಾದದ್ದು ಕೊನೆಯ ಯೂನಿಟ್‌ಗೆ ಅಲ್ಲ, ಅವರ ರೆಜಿಮೆಂಟಿನ ಅಥವಾ ವಿಭಾಗದ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರದು ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ಆರ್ಟಿಲರಿಯದು ನಾಸಿಕ್ ರೋಡ್, ವಾಹನ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇಯದು ಸಿಕಂದರಾಬಾದ್, ಸಿಗ್ನಲ್ಸ್‌ನದು ಜಬಲ್‌ಪುರ. ಏರ್‌ಫೋರ್ಸ್‌ನವರದು ದೆಹಲಿಯ ಸುಬ್ರೊತೊ ಪಾರ್ಕ್, ನೇವಿಯ ಸೇಲರ್‌ಗಳದು ಮುಂಬೈನ ಮಾನ್‌ಖುರ್ದ್. ಆಫೀಸರ್‌ಗಳ ದಾಖಲೆ ಮಾತ್ರ ದೆಹಲಿಯ ಸೇನಾ ಕೇಂದ್ರ ಕಚೇರಿಯಲ್ಲಿರುತ್ತದೆ.

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ, ಒಂದು ಪುಟ ಮೀರದಿರಲಿ. ನಂಬರ್, ರ‍್ಯಾಂಕ್, ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು ಮೇಲೆ. ಆಮೇಲೆ ಯಾವ ಯೂನಿಟ್‌ನಲ್ಲಿ ಯಾವ ತಾರೀಖಿಗೆ ಎಲ್ಲಿದ್ದರು, ಯಾವ ಮೆಡಲ್ ನಮೂದಾಗಿಲ್ಲ. ಕೊನೆಗೆ ಕೇಳಬೇಕಾದದ್ದು ಎರಡೇ: ಪಾರ್ಟ್ ಟೂ ಆರ್ಡರ್ ಆಗಿದೆಯೋ ಇಲ್ಲವೋ ನೋಡಿ, ಆಗಿಲ್ಲದಿದ್ದರೆ ಅರ್ಹತೆ ಪರಿಶೀಲಿಸಿ ಪ್ರಕಟಿಸಿ. ನಂತರ ಮೆಡಲ್ ಕೊಡಿ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಮಂಜೂರಾದ ಆದೇಶ) ಜೆರಾಕ್ಸ್ ಇಡಿ, ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಅಂಚೆಗೆ ಹಾಕಬೇಡಿ. ಸೈನಿಕರು ಇದ್ದರೆ ಸಹಿ ಅವರದೇ ಇರಬೇಕು. ತೀರಿಕೊಂಡಿದ್ದರೆ ಅವರ ಹೆಂಡತಿಯ ಸಹಿ, ಜೊತೆಗೆ ಮರಣ ಪ್ರಮಾಣಪತ್ರ. ಬರೆಯುವುದು ಕಷ್ಟವಾದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ, ಅವರ ಮೂಲಕವೇ ಕಳಿಸಬಹುದು. ನೀವೇ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅರ್ಜಿಯ ನಕಲಿಗೆ ಪಿನ್ ಹೊಡೆದಿಡಿ.

ಎರಡು ಮೂರು ತಿಂಗಳಾದರೂ ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. ಫೀ 10 ರೂಪಾಯಿ, ಉತ್ತರ ಕೊಡಲು 30 ದಿನ. ಉತ್ತರ ಬರದಿದ್ದರೆ ಅಥವಾ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ಸೈನಿಕರ ಹೆಸರಿನಲ್ಲೇ ಇರಲಿ, ಮಗನ ಹೆಸರಿನಲ್ಲಿ ಹಾಕಿದರೆ ಬೇರೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸಬಹುದು. ಇಲ್ಲಿ "ಯಾಕೆ ಕೊಟ್ಟಿಲ್ಲ" ಅಂತ ಜಗಳ ತೆಗೆಯಬೇಡಿ. ಶೀಟ್ ರೋಲ್‌ನ ನಕಲು ಕೊಡಿ, ನನ್ನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ ತಿಳಿಸಿ ಅಂತ ಮಾತ್ರ ಕೇಳಿ. ನನಗೆ ಬಾಗಿಲು ತೆರೆದದ್ದು ಈ ಶೀಟ್ ರೋಲ್. ಅದರಲ್ಲಿ ಅಪ್ಪ ಹಳೇ ಯೂನಿಟ್ ಬಿಟ್ಟ ತಾರೀಖು 1972ರ ಫೆಬ್ರವರಿ ಅಂತ ಸ್ಪಷ್ಟವಾಗಿತ್ತು, ಅಂದರೆ ಯುದ್ಧದ ದಿನಗಳಲ್ಲಿ ಎಲ್ಲಿದ್ದರು ಅನ್ನುವುದು ಅವರ ಕಾಗದದಲ್ಲೇ ಇತ್ತು. ಪಿಂಚಣಿ ಇಲ್ಲದೆ ಬಿಡುಗಡೆಯಾದವರಿಗೆ ಒಂದು ಎಚ್ಚರಿಕೆ: ಅವರ ಸೇವಾ ಕಾಗದಗಳನ್ನು 25 ವರ್ಷ ಆದ ಮೇಲೆ ನಾಶ ಮಾಡುವ ನಿಯಮ ಇದೆ. ಹಾಗಂತ ಕೈ ಬಿಡಬೇಡಿ. ಲಾಂಗ್ ರೋಲ್ ಅನ್ನುವ ರಿಜಿಸ್ಟರ್‌ನಲ್ಲಿ ಮುಖ್ಯ ವಿವರ ಉಳಿದಿರುತ್ತದೆ, ಅದರ ನಕಲು ಕೇಳಿ.

ಶೌರ್ಯ ಪ್ರಶಸ್ತಿಗಳ ವಿಷಯ ಬೇರೆ. ವೀರ ಚಕ್ರ, ಶೌರ್ಯ ಚಕ್ರದಂಥವು, ಸೇನಾ ಮೆಡಲ್ ಇವು ಗೆಜೆಟ್‌ನಲ್ಲಿ ಪ್ರಕಟವಾಗಿರುತ್ತವೆ, ಹಾಗಾಗಿ ಗೆಜೆಟ್ ಪ್ರತಿಯೇ ಸಾಕ್ಷಿ. ಇವಕ್ಕೆ ತಿಂಗಳ ಭತ್ಯೆಯೂ ಇದೆ. 2017ರ ಆಗಸ್ಟ್‌ನಿಂದ ವೀರ ಚಕ್ರಕ್ಕೆ 7,000, ಶೌರ್ಯ ಚಕ್ರಕ್ಕೆ 6,000, ಶೌರ್ಯಕ್ಕಾಗಿ ಕೊಟ್ಟ ಸೇನಾ ಮೆಡಲ್‌ಗೆ 2,000 ರೂಪಾಯಿ ಅಂತ ನಿಗದಿಯಾಗಿತ್ತು. ಆದ್ದರಿಂದ ಪಿಪಿಒದಲ್ಲಿ ನಮೂದಾಗಿದೆಯಾ ಅಂತಲೂ ನೋಡಿ. ಸ್ಟಾರ್, ಸರ್ವೀಸ್ ಮೆಡಲ್‌ಗಳಿಗೆ ಇಂಥ ದುಡ್ಡಿಲ್ಲ. "ಮೆಡಲ್ ಹಾಕಿಸಿದರೆ ಪಿಂಚಣಿ ಜಾಸ್ತಿಯಾಗುತ್ತದೆ" ಅಂತ ಯಾರಾದರೂ ಕಮಿಷನ್ ಕೇಳಿದರೆ ನಂಬಬೇಡಿ.

ಅರ್ಹತೆ ಇಲ್ಲ ಅಂತ ಲಿಖಿತವಾಗಿ ಬಂದು, ನಿಮ್ಮ ಕೈಯಲ್ಲಿ ಸಾಕ್ಷಿ ಗಟ್ಟಿಯಾಗಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್, ಅಂದರೆ ಸೈನಿಕರ ಕೇಸು ನೋಡುವ ನ್ಯಾಯಮಂಡಳಿ ಇದೆ. ಕರ್ನಾಟಕ ಬರುವುದು ಕೊಚ್ಚಿ ಪೀಠದ ಕೆಳಗೆ. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು, ಹಾಗಾಗಿ ಬಂದ ಲಕೋಟೆಯನ್ನೂ ಎಸೆಯಬೇಡಿ. ನಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ದಾಖಲೆ ತಿದ್ದಿದ ಮೇಲೂ ಮೆಡಲ್ ಬರುವುದು ತಡವಾಗುತ್ತದೆ, ಸ್ಟಾಕ್ ಇಲ್ಲ ಅನ್ನುವ ಉತ್ತರವೂ ಬರಬಹುದು. ಆ ನಡುವೆ ಪಾರ್ಟ್ ಟೂ ಆರ್ಡರ್‌ನ ನಕಲು ಕೇಳಿ ತರಿಸಿಕೊಳ್ಳಿ, ಡಿಸ್ಚಾರ್ಜ್ ಬುಕ್‌ನಲ್ಲಿ ಹೊಸ ನಮೂದು ಮಾಡಿಸಿ, ಅದರ ಮೇಲೆ ಸಹಿ ಸೀಲ್ ಇದೆಯಾ ನೋಡಿ. ಪೊಟ್ಟಣ ಬಂದ ದಿನ ಮೆಡಲ್‌ನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಂಬರ್, ರ‍್ಯಾಂಕ್, ಹೆಸರು ಕೆತ್ತಿದ್ದರೆ ಒಂದೊಂದೇ ಅಂಕಿ ಬುಕ್ ಜೊತೆ ತಾಳೆ ನೋಡಿ, ತಪ್ಪಿದ್ದರೆ ಅವತ್ತೇ ಬರೆಯಿರಿ. ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮೊಮ್ಮಗಳು ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಓದಿದಳು. ಕೊನೆಯ ಮೂರು ಅಂಕಿ ಅವಳು ಓದುವ ಮುಂಚೆ ಅಪ್ಪನೇ ಹೇಳಿದರು.